ದೀಪ ಹಚ್ಚದ ಮನೆಯ ಮೂಲಪುರುಷ

ಯಲಹಂಕದ ದಾರಿಯಲ್ಲಿರುವ ಅಲ್ಲಾಳಸಂದ್ರದಲ್ಲಿ ನಮಗೆ ಬಹುಕಾಲದ ಪರಿಚಯವುಳ್ಳ ವೃದ್ಧ ಮಿತ್ರರೊಬ್ಬರಿದ್ದಾರೆ. ಸರಕಾರದ ಲೆಕ್ಕಪತ್ರಗಳ ಇಲಾಖೆಯಲ್ಲಿ ದುಡಿದು ವಿಶ್ರಾಂತರಾದವರು. ಮೇಲುಕೋಟೆಯ ಮಂಡಯಂ ಶ್ರೀವೈಷ್ಣವ ಮನೆತನದವರು. ಅಲ್ಲಾಳನೆಂದರೆ ಕಂಚಿಯ ವರದರಾಜ, ಸಂದ್ರವೆಂದರೆ ಸಮುದ್ರ, ಎಂದರೆ ಕೆರೆ. ತಮ್ಮಂತಹವನು ನೆಲೆಸುವುದಕ್ಕೆ ಇದಕ್ಕಿಂತ ಒಪ್ಪುವ ಹೆಸರಿನ ಊರು ಬೇರೊಂದಿಲ್ಲವೆಂದು ಅವರು ವಿನೋದವಾಗಿ ಹೇಳುವುದುಂಟು. ನರಕ ಚತುರ್ದಶಿಯ ದಿನ ಕೆರೆಯ ಸುತ್ತಲಿನ ಮನೆಗಳೆಲ್ಲ ದೀಪಗಳಿಂದ ಬೆಳಗುತ್ತಿರುವಾಗ ಅವರ ಮನೆಯ ಹೊಸ್ತಿಲು ಮಾತ್ರ ಕತ್ತಲೆಯಲ್ಲಿರುತ್ತದೆ. ಅಂದು ಅಲ್ಲಿ ಅಭ್ಯಂಜನವಿಲ್ಲ, ಹೊಸ ಬಟ್ಟೆಯಿಲ್ಲ, ಸಿಹಿಯಿಲ್ಲ. ಇದು ಅವರೊಬ್ಬರ ಹಟವಲ್ಲ. ಮಂಡಯಂ ಅಯ್ಯಂಗಾರ್ಯರಲ್ಲಿ, ವಿಶೇಷವಾಗಿ ಭಾರದ್ವಾಜ ಗೋತ್ರದ ಮನೆತನಗಳಲ್ಲಿ, ಇನ್ನೂರು ವರ್ಷಗಳಿಗೂ ಹಿಂದಿನಿಂದ ನಡೆದುಬಂದಿರುವ ಸೂತಕವೆಂದು ಹೇಳುತ್ತಾರೆ.

ಕಾರಣವೇನೆಂದು ಕೇಳಿದರೆ ಮನೆಯ ಹಿರಿಯರು ಹೇಳುವುದು ಇಷ್ಟು: ನಮ್ಮ ವಂಶದ ತಿರುಮಲೈಯಂಗಾರ್ಯರು ಮಹಾರಾಣಿಯವರ ಪರವಾಗಿ ಇಂಗ್ಲೀಷರೊಡನೆ ಗುಟ್ಟಾಗಿ ಸಂಧಾನ ನಡೆಸಿದರು, ಸುದ್ದಿ ಟಿಪ್ಪು ಸುಲ್ತಾನನಿಗೆ ತಿಳಿಯಿತು, ಅವರು ಕೈಗೆ ಸಿಕ್ಕಲಿಲ್ಲವಾಗಿ ಅವರ ಬಂಧುಬಳಗದ ಏಳೆಂಟುನೂರು ಮಂದಿಯನ್ನು ನರಕ ಚತುರ್ದಶಿಯ ದಿನ ಕೊಲ್ಲಿಸಲಾಯಿತು. ಬಾಲ್ಯದಿಂದ ಕೇಳಿದ ಈ ಮಾತನ್ನು ನಮ್ಮ ಮಿತ್ರರು ಎಪ್ಪತ್ತು ವರ್ಷ ಪ್ರಶ್ನಿಸಲಿಲ್ಲ. ವಿಶ್ರಾಂತರಾದ ಮೇಲೆ ಪ್ರಶ್ನಿಸತೊಡಗಿದರು. ಲೆಕ್ಕ ಪರಿಶೋಧನೆಯ ಅಭ್ಯಾಸ ಅಷ್ಟು ಸುಲಭವಾಗಿ ಬಿಡುವುದಿಲ್ಲವಷ್ಟೆ. ಯಾರು ಈ ತಿರುಮಲೈಯಂಗಾರ್ಯರು? ಅವರು ಮಾಡಿದ್ದೇನು? ಯಾರಿಗಾಗಿ?

ಮೊದಲನೆಯ ತೊಡಕು ಹೆಸರಿನದೇ. ಮನೆಯಲ್ಲಿ ತಿರುಮಲೈಯಂಗಾರ್ಯರಾದವರು ಕಾಗದಪತ್ರಗಳಲ್ಲಿ ತಿರುಮಲ ರಾಯರು. ಇಂಗ್ಲೀಷರ ದಫ್ತರಗಳಲ್ಲಿ ಅದೂ ಉಳಿಯದೆ ತ್ರಿಮಲ್ ರೋ, ತ್ರೆಮಲ್ ರೋ ಎಂದು ಬಾಯಿಗೆ ಬಂದಂತೆ ಬರೆಯಲ್ಪಟ್ಟಿದೆ. ಶ್ರೀವೈಷ್ಣವನಿಗೆ ರಾಯನೆಂಬ ಬಿರುದು ಹೇಗೆ ಬಂತೆಂದು ವಾಚಕರು ಆಶ್ಚರ್ಯಪಡಬೇಕಾದುದಿಲ್ಲ. ಆ ಕಾಲದಲ್ಲಿ ದರಬಾರಿನ ವ್ಯವಹಾರಕ್ಕೆ ಇಳಿದವರಿಗೆ ಮರಾಠಿಯೂ ರಾಯ ಪದವಿಯೂ ಒಟ್ಟೊಟ್ಟಿಗೆ ಅಂಟುತ್ತಿದ್ದವು. ಆದರೆ ವಂಶವೃಕ್ಷ ಹಿಡಿದು ಹೊರಟವನಿಗೆ ಈ ಮೂರು ಹೆಸರುಗಳೂ ಒಬ್ಬನವೇ ಎಂದು ನಿಶ್ಚಯಿಸಿಕೊಳ್ಳುವುದರಲ್ಲಿಯೇ ಒಂದು ವರ್ಷ ಕಳೆಯಿತು.

ಇಮ್ಮಡಿ ಕೃಷ್ಣರಾಜ ಒಡೆಯರು 1766ರಲ್ಲಿ ತೀರಿಕೊಂಡ ಮೇಲೆ ಮೈಸೂರಿನ ರಾಜಮನೆತನವು ಹೈದರಾಲಿಯ ಕೈಗೊಂಬೆಯಾಗಿದ್ದುದೂ, ಅವರ ರಾಣಿ ಲಕ್ಷ್ಮಮ್ಮಣ್ಣಿಯವರು ಶ್ರೀರಂಗಪಟ್ಟಣದ ಅರಮನೆಯಲ್ಲಿ ಕಾವಲಿನೊಳಗಿದ್ದುಕೊಂಡೇ ರಾಜ್ಯವನ್ನು ಮರಳಿ ಪಡೆಯಲು ಮೂವತ್ತು ವರ್ಷ ಹೆಣಗಿದುದೂ ನಮ್ಮ ಓದುಗರಿಗೆ ತಿಳಿದ ವಿಷಯ. ಕಾವಲಿನಲ್ಲಿದ್ದ ಹೆಂಗಸಿಗೆ ಹೊರಗೆ ನಡೆದಾಡುವ ಕಾಲುಗಳು ಬೇಕಾಗಿದ್ದವು. ಆ ಕಾಲುಗಳೇ ತಿರುಮಲ ರಾಯರು ಮತ್ತು ಅವರ ಸಹೋದರ ನಾರಾಯಣ ರಾಯರು. ಮಂಡಯಂ ಮನೆತನದವರು ಇಂಗ್ಲಿಷಿನಲ್ಲಿ ಬರೆದ ಮೈಸೂರು ಪ್ರಧಾನರ ಚರಿತ್ರೆಯು ಈ ಸಹೋದರರನ್ನು ರಾಜಭಕ್ತಿಯ ಮೂರ್ತಿಗಳೆಂದೇ ಚಿತ್ರಿಸಿದೆ. ಹಯವದನ ರಾಯರ ಮೈಸೂರು ಇತಿಹಾಸವೂ ಆ ಗ್ರಂಥವನ್ನು ಬಳಸಿಕೊಂಡಿದೆ. ಮನೆಯವರು ಬರೆದ ಮನೆಯ ಕಥೆಯೇ ಮುಂದೆ ನಾಡಿನ ಕಥೆಗೆ ಆಧಾರವಾಗುವುದೆಂದರೆ ಹೀಗೆ.

ನಮ್ಮ ಮಿತ್ರರು ಅಷ್ಟಕ್ಕೆ ತೃಪ್ತರಾಗದೆ ಮೂಲದ ಒಪ್ಪಂದವನ್ನೇ ಓದಿದರು. ಐಚಿಸನ್ನನು ಸಂಗ್ರಹಿಸಿದ ಕೌಲುಕರಾರುಗಳ ಸಂಪುಟಗಳಲ್ಲಿ ಅದು ಅಚ್ಚಾಗಿದೆ. 1782ನೆಯ ಅಕ್ಟೋಬರ್ 28ರಂದು ತಂಜಾವೂರಿನಲ್ಲಿ, ಅಲ್ಲಿನ ಇಂಗ್ಲೀಷ್ ರೆಸಿಡೆಂಟ್ ಜಾನ್ ಸಲಿವನ್ನನಿಗೂ ರಾಣಿಯವರ ಪರವಾಗಿ ತಿರುಮಲ ರಾಯರಿಗೂ ಆದ ಒಡಂಬಡಿಕೆ. ಕ್ರೈಸ್ತ ಪಾದ್ರಿ ಶ್ವಾರ್ಟ್ಸ್ ಅದರ ಭಾಷಾಂತರಕ್ಕೆ ರುಜು ಹಾಕಿದವನು. ಕುಂಪಣಿಯ ಸೈನ್ಯವು ಕೊಯಮತ್ತೂರು ಸೀಮೆಯನ್ನು ಹಿಡಿದು, ಘಟ್ಟವನ್ನು ಹತ್ತಿ, ಮೈಸೂರನ್ನೂ ಶ್ರೀರಂಗಪಟ್ಟಣವನ್ನೂ ತೆಗೆದುಕೊಂಡಂತೆಲ್ಲ ಕಂತುಕಂತಾಗಿ ಲಕ್ಷಗಟ್ಟಲೆ ಕಂಠೀರಾಯಿ ವರಹಗಳನ್ನು ಸಲ್ಲಿಸುವುದು. ಅದರಲ್ಲಿ 5 ಲಕ್ಷ ಶ್ರೀರಂಗಪಟ್ಟಣ ಬಿದ್ದ ದಿನಕ್ಕೆ. ಇದು ರಾಣಿಯವರ ಪಾಲಿನ ಮಾತು. ಇದರ ಜೊತೆಗೆ ಇನ್ನೊಂದು ಕರಾರೂ ಇತ್ತು. ಮರಳಿ ದೊರೆಯುವ ಸೀಮೆಗಳ ಹುಟ್ಟುವಳಿಯಲ್ಲಿ ನೂರಕ್ಕೆ ಹತ್ತರಂತೆ ತಿರುಮಲ ರಾಯರಿಗೂ ಅವರ ಸಹೋದರರಿಗೂ ಸಲ್ಲತಕ್ಕದ್ದು, ಪ್ರಧಾನಗಿರಿಯು ಅವರ ವಂಶಪಾರಂಪರ್ಯವಾಗಿ ನಡೆಯತಕ್ಕದ್ದು.

ಈ ಕರಾರನ್ನು ಓದಿದ ರಾತ್ರಿ ತಮಗೆ ನಿದ್ರೆ ಬರಲಿಲ್ಲವೆಂದು ಮಿತ್ರರು ನಮ್ಮೊಡನೆ ಹೇಳಿದರು. "ಸ್ವಾಮಿ, ನಾನು ಇಷ್ಟು ವರ್ಷ ದೀಪ ಹಚ್ಚದೆ ಇದ್ದದ್ದು ರಾಜನಿಷ್ಠೆಗಾಗಿಯೋ, ಹತ್ತನೆಯ ಒಂದಂಶಕ್ಕಾಗಿಯೋ?" ಎಂಬುದು ಅವರ ಪ್ರಶ್ನೆ. ಆ ಕಾಲದಲ್ಲಿ ಸಂಬಳವಿಲ್ಲದ ವಕೀಲರೆಲ್ಲರೂ ಇಂತಹ ಪಾಲನ್ನು ಬರೆಸಿಕೊಳ್ಳುತ್ತಿದ್ದುದುಂಟೆಂದು ನಾವು ಸಮಾಧಾನ ಹೇಳಿದೆವು. ಅದು ನಿಜವೂ ಹೌದು. ಆದರೆ ಪೂರ್ಣ ಸಮಾಧಾನವಲ್ಲವೆಂಬುದು ನಮಗೂ ಗೊತ್ತಿತ್ತು.

ಇನ್ನು ಕೊಲೆಯ ವಿಷಯ. ಇಲ್ಲಿ ಮಿತ್ರರು ಪಂಚಾಂಗವನ್ನು ಮುಂದಿಟ್ಟುಕೊಂಡು ಕುಳಿತರು. ತಂಜಾವೂರಿನ ಒಡಂಬಡಿಕೆಯಾದ ಒಂದು ವಾರಕ್ಕೇ ಆ ವರ್ಷದ ದೀಪಾವಳಿ. ಆಗ ಹೈದರನು ಇನ್ನೂ ಬದುಕಿದ್ದನು. ಅವನು ಚಿತ್ತೂರಿನ ಬಳಿ ತೀರಿಕೊಂಡದ್ದು ಡಿಸೆಂಬರ್ 7ರಂದು. ಆದ್ದರಿಂದ ಟಿಪ್ಪು ಸುಲ್ತಾನನು ದೊರೆಯಾಗಿ ಕೊಟ್ಟ ಆಜ್ಞೆಯೆಂಬ ಮಾತು ಆ ವರ್ಷಕ್ಕೆ ಹೊಂದುವುದಿಲ್ಲ. ಮರುವರ್ಷ, 1783ರಲ್ಲಿ, ಚತುರ್ದಶಿ ಬಂದದ್ದು ಅಕ್ಟೋಬರಿನ ಉತ್ತರಾರ್ಧದಲ್ಲಿ. ಆಗ ಸುಲ್ತಾನನು ಮಂಗಳೂರಿನ ಕೋಟೆಯ ಮುಂದೆ ಬೀಡುಬಿಟ್ಟಿದ್ದನು. ಮೇ ತಿಂಗಳಲ್ಲಿ ಆರಂಭವಾದ ಆ ಮುತ್ತಿಗೆಯು ಮುಗಿದು ಕೋಟೆ ಅವನ ಕೈಸೇರಿದುದು 1784ರ ಜನವರಿಯ ಕೊನೆಗೆ. ಹಾಗೆಂದು ಕಥೆ ಸುಳ್ಳೆನ್ನುವಂತಿಲ್ಲ. ಆಜ್ಞೆಯು ಕಾಗದದ ಮೇಲೂ ಪ್ರಯಾಣ ಮಾಡುತ್ತದೆ.

ಅದೇ ವರ್ಷದ ಜುಲೈ ತಿಂಗಳಲ್ಲಿ ಶ್ರೀರಂಗಪಟ್ಟಣದೊಳಗೇ ಒಂದು ಪಿತೂರಿ ಹೊರಬಿದ್ದುದು ಮಾತ್ರ ನಿಸ್ಸಂದೇಹ. ರಾಣಿಯವರ ದೂತರಿಗಿಂತ ಈ ಸಂಚು ಹೆಚ್ಚು ಸಾಹಸದ್ದು. ಕೋಟೆಯೊಳಗಿನ ಇಂಗ್ಲೀಷ್ ಕೈದಿಗಳನ್ನು ಬಿಡಿಸಿ, ಕೋಟೆಯನ್ನು ವಶಪಡಿಸಿಕೊಂಡು, ಒಡೆಯರ ಮನೆತನವನ್ನು ಸಿಂಹಾಸನಕ್ಕೆ ತರುವುದು ಸಂಚುಗಾರರ ಉದ್ದೇಶ. ಮುಂದೆ 1799ರಲ್ಲಿ ಅದೇ ಕೋಟೆಗೆ ಲಗ್ಗೆ ಹಾಕಿದ ಸೈನ್ಯವನ್ನು ನಡೆಸಿದ ಬೇರ್ಡ್ ಆಗ ಅಲ್ಲಿನ ಕೈದಿಗಳಲ್ಲೊಬ್ಬನು. ನಡೆಯಬೇಕಾದ ಹಿಂದಿನ ರಾತ್ರಿಯೇ ಗುಟ್ಟು ರಟ್ಟಾಯಿತು. ನರಸಿಂಗ ರಾಯನೆಂಬ ಅಧಿಕಾರಿಗೆ ಮರಣದಂಡನೆಯಾಯಿತು. ಅಂಚೆಗೂ ಕಾವಲಿಗೂ ಮುಖ್ಯಸ್ಥನಾಗಿದ್ದ ಅಂಚೆ ಶಾಮಯ್ಯನನ್ನು ಮಂಗಳೂರಿನಿಂದ ಸಂಕೋಲೆ ತೊಡಿಸಿ ತಂದು ಕಬ್ಬಿಣದ ಪಂಜರದಲ್ಲಿ ಹಾಕಿದರು. ವಿಲ್ಕ್ಸನು ಇದನ್ನೆಲ್ಲ ವಿಸ್ತಾರವಾಗಿ ಬರೆದಿದ್ದಾನೆ. ಹೀಗೆ ಸಂಶಯವೂ ಭಯವೂ ತುಂಬಿದ್ದ ಆ ವರ್ಷದಲ್ಲಿ ತಿರುಮಲ ರಾಯರ ಬಂಧುಗಳಿಗೆ ಕಷ್ಟ ಒದಗಿದುದರಲ್ಲಿ ಆಶ್ಚರ್ಯವೇನು?

ಆದರೆ ಎಷ್ಟು ಮಂದಿ, ಎಲ್ಲಿ, ಯಾವ ವರ್ಷ ಎಂಬಲ್ಲಿ ಕಥನಗಳು ಕವಲೊಡೆಯುತ್ತವೆ. ಕೆಲವರು ಮೇಲುಕೋಟೆಯೆನ್ನುತ್ತಾರೆ, ಕೆಲವರು ಶ್ರೀರಂಗಪಟ್ಟಣವೆನ್ನುತ್ತಾರೆ. ಕೆಲವರು 1783 ಎಂದರೆ ಮತ್ತೆ ಕೆಲವರು ಮೂರನೆಯ ಮೈಸೂರು ಯುದ್ಧದ ಕಾಲಕ್ಕೆ ಒಯ್ಯುತ್ತಾರೆ. ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಇತ್ತ ಅದೇ ಮೇಲುಕೋಟೆಯ ದೇವಸ್ಥಾನದಲ್ಲಿ ಸುಲ್ತಾನನು ಕೊಟ್ಟ ಬೆಳ್ಳಿಯ ಪಾತ್ರೆಗಳಿವೆ. ಬೆಟ್ಟದ ನರಸಿಂಹಸ್ವಾಮಿಯ ಗುಡಿಯ ದೊಡ್ಡ ನಗಾರಿಯೂ ಅವನದೇ ಕಾಣಿಕೆಯೆನ್ನುತ್ತಾರೆ. ಪಾತ್ರೆಗಳನ್ನು ತೋರಿಸಿ ಕೊಲೆ ನಡೆಯಲೇ ಇಲ್ಲವೆನ್ನುವವರೂ, ಕೊಲೆಯನ್ನು ತೋರಿಸಿ ಪಾತ್ರೆಗಳನ್ನು ಮರೆಮಾಚುವವರೂ ನಮ್ಮಲ್ಲಿ ಧಾರಾಳವಾಗಿದ್ದಾರೆ. ದೊರೆಯೊಬ್ಬನು ದೇವರಿಗೆ ದಾನವನ್ನೂ ದ್ರೋಹಿಯ ಮನೆತನಕ್ಕೆ ದಂಡನೆಯನ್ನೂ ಒಂದೇ ಕೈಯಿಂದ ಮಾಡಬಲ್ಲನೆಂಬುದು ಈ ಇಬ್ಬರಿಗೂ ಹೊಳೆಯದಿರುವುದು ವಿಚಿತ್ರ. ರಾಜ್ಯ ಸರಕಾರವು ಟಿಪ್ಪು ಜಯಂತಿಯನ್ನು ಮೊದಲು ಆಚರಿಸಿದ 2015ರ ನವೆಂಬರ್ 10ರಂದೇ ನರಕ ಚತುರ್ದಶಿಯೂ ಬಂದಿತ್ತು. ಆ ದಿನ ಯಾರು ಯಾರೋ ತಮ್ಮ ಸೂತಕದ ಹೆಸರಿನಲ್ಲಿ ಕೂಗಾಡಿದರೆಂದೂ, ಅವರಲ್ಲಿ ಒಬ್ಬರೂ ತಮ್ಮ ಮನೆಗೆ ಬಂದು ಒಂದು ಲೋಟ ನೀರು ಕೇಳಲಿಲ್ಲವೆಂದೂ ಮಿತ್ರರು ನೊಂದುಕೊಳ್ಳುತ್ತಾರೆ. 2019ರಲ್ಲಿ ಸರಕಾರ ಆ ಆಚರಣೆಯನ್ನು ನಿಲ್ಲಿಸಿತು; ಅವರ ಮನೆಯ ಕತ್ತಲೆಯಲ್ಲಿ ಅದರಿಂದಲೂ ವ್ಯತ್ಯಾಸವಾಗಲಿಲ್ಲ.

ತಿರುಮಲ ರಾಯರ ಕಥೆಯ ಕೊನೆಯೇ ಎಲ್ಲಕ್ಕಿಂತ ವ್ಯಂಗ್ಯವಾದುದು. 1784ರ ಮಾರ್ಚ್ 11ರಂದು ಕುಂಪಣಿಯವರು ಮಂಗಳೂರಿನಲ್ಲಿ ಟಿಪ್ಪುವಿನೊಡನೆ ಕೌಲು ಮಾಡಿಕೊಂಡರು; ರಾಣಿಗೆ ಕೊಟ್ಟ ಮಾತು ಕಡತದಲ್ಲಿಯೇ ಉಳಿಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಸುಲ್ತಾನನು ಮಡಿದ ಮೇಲೆ, ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ರಾಣಿಯವರ ಮೂವತ್ತು ವರ್ಷದ ತಪಸ್ಸು ಫಲಿಸಿತು. ಆದರೆ ದಿವಾನಗಿರಿ ಯಾರಿಗೆ? ಕೊನೆಯ ದಿನದವರೆಗೂ ಟಿಪ್ಪುವಿನ ಉಪ್ಪುಂಡು ಅವನ ಲೆಕ್ಕವನ್ನು ನೋಡಿಕೊಂಡಿದ್ದ ಪೂರ್ಣಯ್ಯನವರಿಗೆ! 1807ರಲ್ಲಿ ಯಳಂದೂರು ಜಹಗೀರೂ ಅವರಿಗೇ. ಪ್ರಾಣವನ್ನೂ ಬಂಧುಗಳನ್ನೂ ಪಣವಾಗಿಟ್ಟ ತಿರುಮಲ ರಾಯರಿಗೆ ನೂರಕ್ಕೆ ಹತ್ತೂ ಇಲ್ಲ, ಪಾರಂಪರ್ಯದ ಪ್ರಧಾನಗಿರಿಯೂ ಇಲ್ಲ. ಗೆದ್ದವನಿಗೆ ಬೇಕಾದುದು ಕಂದಾಯ ವಸೂಲು ಮಾಡಬಲ್ಲವನು. ಹಳೆಯ ಸಂಚುಗಾರನನ್ನು ಯಾವ ಹೊಸ ಸರಕಾರವೂ ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ.

ಅದೇ ಮಂಡಯಂ ಹೆಸರು ಶತಮಾನ ಕಳೆದ ಮೇಲೆ ಮತ್ತೊಂದು ಪಿತೂರಿಯ ಕಡತಗಳಲ್ಲಿ ಕಾಣಿಸಿಕೊಳ್ಳುವುದನ್ನು ಇಲ್ಲಿ ಹೇಳದಿರಲಾರೆವು. 1887ರಲ್ಲಿ ಮದರಾಸಿನಲ್ಲಿ ಹುಟ್ಟಿದ ಮಂಡಯಂ ತಿರುಮಲಾಚಾರ್ಯರು ಲಂಡನ್ನಿನ ಇಂಡಿಯಾ ಹೌಸನ್ನೂ ಬರ್ಲಿನ್ನನ್ನೂ ಸೇರಿ ಇಂಗ್ಲೀಷರ ವಿರುದ್ಧ ಸಂಚು ನಡೆಸಿ, 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯೂನಿಸ್ಟ್ ಪಕ್ಷ ಸ್ಥಾಪನೆಯಾದಾಗ ಅಲ್ಲಿದ್ದು, 1954ರಲ್ಲಿ ಮುಂಬಯಿಯಲ್ಲಿ ಬಡತನದಲ್ಲಿ ತೀರಿಕೊಂಡರು. ಒಬ್ಬ ತಿರುಮಲನು ಇಂಗ್ಲೀಷರನ್ನು ಕರೆದು ತರಲು ಹೋದನು, ಇನ್ನೊಬ್ಬನು ಓಡಿಸಲು ಹೋದನು. ಇಬ್ಬರಿಗೂ ಪದವಿ ದೊರೆಯಲಿಲ್ಲ.

ಕಳೆದ ವಾರ ನಾವು ಅಲ್ಲಾಳಸಂದ್ರಕ್ಕೆ ಹೋದಾಗ ಮಿತ್ರರು ಜಗಲಿಯ ಮೇಲೆ ವಂಶವೃಕ್ಷದ ದೊಡ್ಡ ಕಾಗದವನ್ನು ಹರಡಿಕೊಂಡು ಕುಳಿತಿದ್ದರು. ಅವರ ತಂದೆಯವರು ತಿರುಮಲೈಯಂಗಾರ್ಯರ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ 'ಪ್ರಧಾನರು' ಎಂದು ಬರೆದಿದ್ದರು. ಮಗನು ಅದನ್ನು ಹೊಡೆದುಹಾಕದೆ, ಅದರ ಕೆಳಗೆ ಸಣ್ಣ ಅಕ್ಷರಗಳಲ್ಲಿ 'ರಾಣಿಯವರ ವಕೀಲರು, 1782' ಎಂದು ಸೇರಿಸಿದ್ದಾರೆ. ಈ ವರ್ಷ ದೀಪ ಹಚ್ಚುವಿರೋ ಎಂದು ಕೇಳಿದೆವು. "ಇಲ್ಲ. ಸತ್ತವರು ಏಳುನೂರೋ ಏಳೋ, ಒಪ್ಪಂದಕ್ಕೆ ರುಜು ಹಾಕಿದವರು ಅವರಲ್ಲ" ಎಂದು ಹೇಳಿ, ಎಗ್ಮೋರಿನ ಪತ್ರಾಗಾರಕ್ಕೆ ಹೊರಡಲು ತೆಗೆಸಿಟ್ಟಿದ್ದ ರೈಲಿನ ಟಿಕೆಟ್ಟನ್ನು ತೋರಿಸಿದರು.