ತೆರೆಯ ಮೇಲಿನ ಅಕ್ಷರ, ಕೊನೆಯ ಸಾಲಿನ ಕಣ್ಣು

ಆರೋಗ್ಯ ಲೇಖನಗಳ ನಡುವೆ ಬ್ಯಾಂಕ್ ಅಧಿಕಾರಿಯೊಬ್ಬನ ಬರಹವೇಕೆಂದು ವಾಚಕರು ಆಶ್ಚರ್ಯಪಡಬಹುದು. ನಾನು ವಾಣಿಜ್ಯ ಪದವೀಧರ. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಅಬಿಡ್ಸ್‌ನ ನಮ್ಮ ಶಾಖೆಯಲ್ಲಿ ಸ್ಲೈಡುಗಳನ್ನು ಸಿದ್ಧಪಡಿಸುವ ಕೆಲಸ ನನ್ನದಾದುದರಿಂದ, ಕನ್ನಡ ಬಂಧುಗಳಿಗಾಗಿ ಏರ್ಪಟ್ಟ ಮಧುಮೇಹದ ಉಪನ್ಯಾಸವೊಂದಕ್ಕೂ ಅವನ್ನು ರಚಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಆಗ ನಾನು ಮಾಡಿದ ತಪ್ಪೇ ಈ ಲೇಖನಕ್ಕೆ ಕಾರಣ.

ಒಂದೇ ಸ್ಲೈಡಿನಲ್ಲಿ ಹನ್ನೆರಡು ಸಾಲುಗಳನ್ನು ತುಂಬಿದ್ದೆ. ಬರಿಹೊಟ್ಟೆಯ ರಕ್ತಸಕ್ಕರೆಯ ಮಿತಿಯನ್ನು ಹಸುರಿನಲ್ಲಿಯೂ, ಗ್ಲೂಕೋಸ್ ಸೇವಿಸಿದ ಎರಡು ಗಂಟೆಗಳ ಅನಂತರದ ಮಿತಿಯನ್ನು ಕೆಂಪಿನಲ್ಲಿಯೂ ಬರೆದು, ಯಾವ ಬಣ್ಣ ಯಾವುದಕ್ಕೆ ಎಂಬ ವಿವರಣೆಯನ್ನು ಅಡಿಯಲ್ಲಿ ಸಣ್ಣಕ್ಷರದಲ್ಲಿ ಕೊಟ್ಟಿದ್ದೆ. ಕೊನೆಯ ಸಾಲಿನಲ್ಲಿದ್ದ ಹಿರಿಯರೊಬ್ಬರು 140 ಎಂಬ ಅಂಕಿಯನ್ನು ಬರೆದುಕೊಂಡರು. ಬರಿಹೊಟ್ಟೆಯಲ್ಲಿ ತಮಗೆ 138 ಇದ್ದುದರಿಂದ ನಿಶ್ಚಿಂತರಾದರು. ವಾಸ್ತವವಾಗಿ 140 ಎಂಬುದು ಎರಡು ಗಂಟೆಗಳ ಅನಂತರದ ಮಿತಿ. ಬರಿಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆಯಿರಬೇಕು. 126 ಅಥವಾ ಅದಕ್ಕೂ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಬಂದರೆ ಅದು ಮಧುಮೇಹ. ಕೆಲವು ತಿಂಗಳ ಮೇಲೆ ವೈದ್ಯರಿಂದ ಈ ಸಂಗತಿ ತಿಳಿದು ಅವರು ನನ್ನ ಬಳಿಗೆ ಬಂದರು. “ತಮ್ಮಾ, ನಿನ್ನ ಹಸುರು ಕೆಂಪು ಎರಡೂ ನನ್ನ ಕಣ್ಣಿಗಿ ಒಂದೇ ನಮೂನಿ ಕಂಡ್ವು” ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದರಿಂದ ನನ್ನ ನಾಚಿಕೆ ಇಮ್ಮಡಿಯಾಯಿತು.

ಕೆಂಪು ಹಸುರುಗಳ ಭೇದ ಸರಿಯಾಗಿ ತಿಳಿಯದಿರುವ ವರ್ಣಾಂಧತೆ ಸಾಮಾನ್ಯವಾಗಿ ಹುಟ್ಟಿನಿಂದಲೇ ಬರುವಂತಹುದು. ಸ್ತ್ರೀಯರಿಗಿಂತ ಪುರುಷರಲ್ಲಿ ಬಹಳ ಹೆಚ್ಚು. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುತ್ತದೆ. ಮುಂದೆ ಪೊರೆ ಬಂದರೆ ತಿಳಿಬಣ್ಣಗಳು ಒಂದರಲ್ಲೊಂದು ಬೆರೆತಂತೆ ಕಾಣುತ್ತವೆ. ಆರೋಗ್ಯ ಉಪನ್ಯಾಸಕ್ಕೆ ಬರುವವರಲ್ಲಿ ಇಂತಹವರೇ ಅನೇಕರು. ಆದುದರಿಂದ ಸ್ಲೈಡಿನ ವಿನ್ಯಾಸವು ಅಲಂಕಾರದ ಮಾತಲ್ಲ. ಅದು ಔಷಧದ ಚೀಟಿಯ ಬರವಣಿಗೆಯಷ್ಟೇ ಹೊಣೆಗಾರಿಕೆಯದು.

ಈ ಮಾತು ಅತಿಶಯೋಕ್ತಿಯೆನಿಸಿದರೆ ಒಂದು ನಿದರ್ಶನವನ್ನು ನೋಡೋಣ. 2003ರ ಫೆಬ್ರವರಿ 1ರಂದು ನಮ್ಮ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಯಾತ್ರಿಕರಿದ್ದ ಕೊಲಂಬಿಯಾ ನೌಕೆ ನಾಶವಾಯಿತು. ಉಡಾವಣೆಯ ವೇಳೆ ಕಳಚಿದ ನೊರೆಪದಾರ್ಥದ ತುಂಡು ರೆಕ್ಕೆಗೆ ಬಡಿದುದೇ ಅದಕ್ಕೆ ಕಾರಣ. ನೌಕೆ ಇನ್ನೂ ಆಕಾಶದಲ್ಲಿದ್ದಾಗ ತಂತ್ರಜ್ಞರು ಈ ಹೊಡೆತದ ಕುರಿತು ಸ್ಲೈಡುಗಳ ಮೂಲಕ ವರದಿಯೊಪ್ಪಿಸಿದ್ದರು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ ತುಂಡು 3 ಘನ ಅಂಗುಲದ್ದು, ಬಡಿದಿರಬಹುದಾದ ತುಂಡು 1920 ಘನ ಅಂಗುಲದ್ದು ಎಂಬ ಅತಿಮುಖ್ಯ ಸಂಗತಿ ಸ್ಲೈಡೊಂದರ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹುದುಗಿತ್ತು. ಇಂತಹ ನಿರೂಪಣೆಯನ್ನು ತನಿಖಾ ಮಂಡಲಿಯು ಅದೇ ವರ್ಷದ ತನ್ನ ವರದಿಯಲ್ಲಿ ಟೀಕಿಸಿತು.

ಹಾಗಾದರೆ ಮಾಡಬೇಕಾದುದೇನು? ಮೊದಲನೆಯದಾಗಿ, ಒಂದು ಸ್ಲೈಡಿಗೆ ಒಂದೇ ವಿಷಯ. ಅದೇ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರಲಿ. ಎರಡನೆಯದಾಗಿ, ಬಣ್ಣವೊಂದನ್ನೇ ನಂಬಬಾರದು. ಅಂಕಿಯ ಪಕ್ಕದಲ್ಲಿಯೇ ‘ಬರಿಹೊಟ್ಟೆ’ ಎಂದು ಬರೆಯಬೇಕು. ಬಿಳಿಯ ಮೇಲೆ ಕಪ್ಪು ಅಥವಾ ಕಡುನೀಲಿ ಉತ್ತಮ. ಹಳದಿಯ ಮೇಲೆ ಬಿಳಿ ಖಂಡಿತ ಕೂಡದು. ಮೂರನೆಯದಾಗಿ, ಕನ್ನಡದಲ್ಲಿ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವಿನ ಅಂತರ ಇಂಗ್ಲಿಷಿಗಿಂತ ಹೆಚ್ಚಿರಬೇಕು. ಹಳೆಯ ಫಾಂಟುಗಳಲ್ಲಿ ಬರೆದುದು ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದಾದುದರಿಂದ ಯೂನಿಕೋಡ್ ಬಳಸಿ, ಪಿಡಿಎಫ್ ಪ್ರತಿಯೊಂದನ್ನೂ ಜೊತೆಗಿಟ್ಟುಕೊಳ್ಳಬೇಕು.

ನಾಲ್ಕನೆಯದು ನನ್ನ ವೃತ್ತಿಯ ಅನುಭವ. ಕಂಬಚಿತ್ರದ ಅಳತೆ ಸೊನ್ನೆಯಿಂದಲೇ ಆರಂಭವಾಗಬೇಕು. 90ರಿಂದ ಆರಂಭಿಸಿದರೆ 92ರ ಕಂಬಕ್ಕಿಂತ 96ರ ಕಂಬ ಮೂರು ಪಟ್ಟು ಎತ್ತರವಾಗಿ ಕಾಣುತ್ತದೆ. ಲೆಕ್ಕ ಸರಿಯಿದ್ದರೂ ಚಿತ್ರ ಸುಳ್ಳಾಗುತ್ತದೆ. ಐದನೆಯದಾಗಿ, ಚಿತ್ರವು ವಿಷಯವನ್ನು ಹೇಳಬೇಕೇ ಹೊರತು ಜಾಗವನ್ನು ತುಂಬಬಾರದು. ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ತಿಳಿಸಲು ಚಹಾ ಚಮಚೆಯೊಂದರ ಚಿತ್ರ ಸಾಕು. ಹೂಬಳ್ಳಿಯ ಅಂಚು ಬೇಕಿಲ್ಲ.

ಎಲ್ಲ ಮುಗಿದ ಮೇಲೆ ಸಭಾಂಗಣದ ಕೊನೆಯ ಸಾಲಿನಲ್ಲಿ ಕುಳಿತು, ಪ್ರತಿಯೊಂದು ಸ್ಲೈಡನ್ನೂ ಒಮ್ಮೆ ಓದಿ ನೋಡಬೇಕು. ಓದಲಾಗದುದನ್ನು ತೆಗೆದುಹಾಕಬೇಕು. ಈಗ ನಾನು ಹಾಗೆಯೇ ಮಾಡುತ್ತಿದ್ದೇನೆ. ಅಂತಹ ಪರೀಕ್ಷೆಗೆ ಆ ಹಿರಿಯರನ್ನೂ ಕರೆಯುತ್ತೇನೆ. ಅವರು ತಲೆದೂಗಿದ ಮೇಲೆಯೇ ಸ್ಲೈಡು ಸಭೆಗೆ ಹೋಗುತ್ತದೆ.