ಪಿತ್ತ ಕರುಳಿಗೆ ಇಳಿಯದಿದ್ದರೆ

ಮಲಕ್ಕೆ ಕಂದುಬಣ್ಣ ಬರುವುದು ಪಿತ್ತರಸದಿಂದ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಲಿವರ್ ಪಿತ್ತಕ್ಕೆ ಸೇರಿಸಿ ಕರುಳಿಗೆ ಬಿಡುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಕಂದಾಗಿಸುತ್ತವೆ. ಪಿತ್ತನಾಳಕ್ಕೆ ಕಲ್ಲೋ ಗಡ್ಡೆಯೋ ಅಡ್ಡ ಬಂದರೆ ಮಲ ಜೇಡಿಮಣ್ಣಿನ ಹಾಗೆ ಬಿಳಿಚಿಕೊಳ್ಳುತ್ತದೆ. ದಾರಿ ಸಿಗದ ಬಿಲಿರುಬಿನ್ ರಕ್ತಕ್ಕೆ ಮರಳಿ ಕಣ್ಣನ್ನು ಹಳದಿಯಾಗಿಸುತ್ತದೆ, ಮೂತ್ರದಲ್ಲಿ ಇಳಿದು ಅದನ್ನು ಕಡುಗಂದಾಗಿಸುತ್ತದೆ.

ಪಿತ್ತ ದಿನಕ್ಕೆ ಅರ್ಧದಿಂದ ಒಂದು ಲೀಟರ್ ತಯಾರಾಗುತ್ತದೆ. ಊಟದ ಎಣ್ಣೆ, ತುಪ್ಪವನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆಯುವುದು ಅದರ ಕೆಲಸ. ಅದಿಲ್ಲದಿದ್ದರೆ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ. ಮಲ ಜಿಡ್ಡಾಗಿ, ದುರ್ನಾತ ಬೀರುತ್ತದೆ. ಕೊಬ್ಬಿನ ಜೊತೆ ಎ, ಡಿ, ಇ, ಕೆ ವಿಟಮಿನ್‌ಗಳೂ ನಷ್ಟ. ಮೊದಲು ಏಟು ಬೀಳುವುದು ಸಾಮಾನ್ಯವಾಗಿ ಕೆ ವಿಟಮಿನ್ನಿಗೆ: ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಹಲ್ಲುಜ್ಜಿದರೆ ವಸಡಿನಲ್ಲಿ ರಕ್ತ ಬರುತ್ತದೆ. ಆಗ ವೈದ್ಯರು ಕೆ ವಿಟಮಿನ್ ಇಂಜೆಕ್ಷನ್ ಕೊಟ್ಟು ನೋಡುವುದುಂಟು. ಹೆಪ್ಪುಗಟ್ಟುವಿಕೆ ಸರಿಹೋದರೆ ಲಿವರಿಗೆ ಇನ್ನೂ ಕಸುವಿದೆ, ತೊಂದರೆ ಪಿತ್ತದ ಹರಿವಿನಲ್ಲಿದೆ ಎಂದು ಅಂದಾಜು ಸಿಗುತ್ತದೆ.

ಇನ್ನೊಂದು ಸುಳಿವು ತುರಿಕೆ. ಮೈಮೇಲೆ ಗುಳ್ಳೆಯಿಲ್ಲದೆ ಅಂಗೈ, ಅಂಗಾಲು ರಾತ್ರಿ ಹೊತ್ತು ತುರಿಸುತ್ತವೆ. ಗರ್ಭಿಣಿಗೆ ಕೊನೆಯ ತಿಂಗಳುಗಳಲ್ಲಿ ಹೀಗಾದರೆ ಎಣ್ಣೆ ಹಚ್ಚಿ ಸುಮ್ಮನಿರಬೇಡಿ. ರಕ್ತದಲ್ಲಿ ಪಿತ್ತಾಮ್ಲ ತೀರಾ ಏರಿದರೆ ಹೊಟ್ಟೆಯ ಮಗುವಿನ ಜೀವಕ್ಕೇ ಅಪಾಯ.

ಕಾಮಾಲೆಗೆ ನಾಟಿ ಔಷಧಿ ಕುಡಿಸುವ, ಬರೆ ಹಾಕಿಸುವ ರೂಢಿ ನಮ್ಮಲ್ಲಿದೆ. ವೈರಸ್ಸಿನಿಂದ ಬಂದ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಔಷಧಿಗೆ ಬರುತ್ತದೆ. ನಾಳ ಮುಚ್ಚಿದ್ದರೆ ಔಷಧಿಗಾಗಿ ಅಲೆದ ಒಂದೊಂದು ವಾರವೂ ಲಿವರನ್ನು ಕೆಡಿಸುತ್ತದೆ. ಜೊತೆಗೆ ಚಳಿಜ್ವರ ಬಂದರಂತೂ ಅದೇ ದಿನ ಆಸ್ಪತ್ರೆ ಸೇರಬೇಕು.

ನನಗೆ ಹೆಚ್ಚು ಆತಂಕ ಎಳೆಗೂಸುಗಳದ್ದು. ಹುಟ್ಟಿದ ಮಗುವಿನ ಕಾಮಾಲೆ ಸಾಮಾನ್ಯವಾಗಿ ಎರಡು ವಾರದೊಳಗೆ ಇಳಿಯುತ್ತದೆ. ಇಳಿಯದಿದ್ದರೆ ಬಿಸಿಲಿಗೆ ಹಿಡಿಯುತ್ತಾ ಕಾಯುವ ಮನೆಗಳಿವೆ. ಪಿತ್ತನಾಳವೇ ಮುಚ್ಚಿಹೋದ ಮಗುವಿಗೆ ಬಿಸಿಲಿನಿಂದ ಏನೂ ಆಗದು. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯ್ 1950ರ ದಶಕದಲ್ಲಿ ಕರುಳನ್ನು ನೇರವಾಗಿ ಲಿವರಿಗೆ ಜೋಡಿಸುವ ಶಸ್ತ್ರಚಿಕಿತ್ಸೆ ರೂಪಿಸಿದರು. 60 ದಿನದೊಳಗೆ ಮಾಡಿದರೆ ಪಿತ್ತ ಹರಿಯುವ ಸಾಧ್ಯತೆ ಹೆಚ್ಚು. ತಡವಾದಷ್ಟೂ ಲಿವರ್ ಕಸಿಯತ್ತ ಹೋಗಬೇಕಾಗುತ್ತದೆ. ಮಗುವಿನ ಬಟ್ಟೆ ಬದಲಿಸುವಾಗ ಮಲದ ಬಣ್ಣವನ್ನು ಹಗಲ ಬೆಳಕಿನಲ್ಲಿ ನೋಡಿ. ಬಿಳಿಚಿದ್ದರೆ ಫೋಟೊ ತೆಗೆದು ವೈದ್ಯರಿಗೆ ತೋರಿಸಿ, ‘ಡೈರೆಕ್ಟ್ ಬಿಲಿರುಬಿನ್’ ರಕ್ತಪರೀಕ್ಷೆ ಮಾಡಿಸಿ ಎಂದು ಕೇಳಿ.