ಸೂಪಾ ಕಟ್ಟೆಯ ಬುಡದಲ್ಲಿ ಕೊಯ್ನಾದ ನಡುಕ

ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟನ್ನು ತಲೆಯೆತ್ತಿ ನೋಡುತ್ತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಮಾತು ತೆಗೆದರು. ಕೆಲಸಕ್ಕೆಂದು ದಾಂಡೇಲಿಗೆ ಬಂದು ಇಲ್ಲಿಯವರೇ ಆದವರು. ಹುಟ್ಟೂರು ಸಾತಾರಾ ಜಿಲ್ಲೆಯ ಪಾಟಣ ತಾಲೂಕು. 1967ರ ಡಿಸೆಂಬರ್ 11ರ ನಸುಕಿನಲ್ಲಿ ಅಲ್ಲಿ ಭೂಮಿ ನಡುಗಿದಾಗ ಅವರಿನ್ನೂ ಹುಡುಗ. ಆ ದಿನಕ್ಕಿಂತ ಆಮೇಲಿನ ದಿನಗಳೇ ಅವರಿಗೆ ಹೆಚ್ಚು ನೆನಪು. ಮೊದಲು ನೆಲದೊಳಗಿಂದ ಗುಡುಗಿನಂಥ ಸದ್ದು, ಹಿಂದೆಯೇ ನಡುಕ. ಅಡುಗೆಮನೆಯಲ್ಲಿ ಪಾತ್ರೆ ಅಲುಗಿದರೆ ಸಾಕು, ಎಲ್ಲರೂ ಅಂಗಳಕ್ಕೆ. ಆ ಚಳಿಯಲ್ಲೂ ಯಾರೂ ಒಳಗೆ ಮಲಗಲಿಲ್ಲ. ತಾಯಿ ಬಾಗಿಲಿಗೆ ಅಗುಳಿ ಹಾಕುವುದನ್ನೇ ಬಿಟ್ಟಿದ್ದರಂತೆ.

ಊರಿಗೆ ಮರಳಿದವನೇ ಹಳೆಯ ವರದಿಗಳನ್ನು ಹರವಿಕೊಂಡು ಕೂತೆ. 103 ಮೀಟರ್ ಎತ್ತರದ ಕೊಯ್ನಾ ಕಟ್ಟೆಯಲ್ಲಿ ನೀರು ನಿಂತದ್ದು 1962ರಲ್ಲಿ; ಬೆನ್ನಿಗೇ ಸಣ್ಣ ಕಂಪನಗಳು, ಐದು ವರ್ಷಕ್ಕೆ 6.3 ತೀವ್ರತೆಯ ಭೂಕಂಪ, ಸುಮಾರು 200 ಸಾವು. ಮೊದಲೇ ಬಿಗಿದು ನಿಂತಿದ್ದ ಬಂಡೆಯ ಬಿರುಕನ್ನು ಜಲಾಶಯದ ಭಾರ ಮತ್ತು ಆಳಕ್ಕಿಳಿದ ನೀರಿನ ಒತ್ತಡ ಜಾರಿಸಿದವು.

ನನ್ನನ್ನು ಬಿಡದೆ ಹಿಡಿದದ್ದು ಕಟ್ಟೆಯೊಳಗಿನ ಗ್ಯಾಲರಿಯಲ್ಲಿದ್ದ ಒಂದು ಉಪಕರಣ. ಕಟ್ಟುವಾಗ ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿದ ಅಡ್ಡ ಬಲ ಗುರುತ್ವದ ಶೇ 5. ಆ ನಸುಕಿನಲ್ಲಿ ಉಪಕರಣ ದಾಖಲಿಸಿದ ವೇಗೋತ್ಕರ್ಷ ಶೇ 60ಕ್ಕೂ ಹೆಚ್ಚು! ಬೆನ್ನಿನ ಇಳಿಜಾರು ಬದಲಾಗುವ ಮಟ್ಟದಲ್ಲಿ ಅಡ್ಡ ಬಿರುಕುಗಳು ಬಂದವು, ಕಟ್ಟೆ ಒಡೆಯಲಿಲ್ಲ. ಆಮೇಲೆ ಆನಿಕೆ ಕಟ್ಟಿ ಬಲಪಡಿಸಿದರು. ಕೆಲವೇ ಸೆಕೆಂಡುಗಳ ಆ ದಾಖಲೆಯನ್ನು ಜಗತ್ತಿನ ಅಣೆಕಟ್ಟು ತಜ್ಞರು ಇಂದಿಗೂ ಕಂಪ್ಯೂಟರಿಗೆ ಊಡಿಸಿ ತಮ್ಮ ಲೆಕ್ಕ ಸರಿಯೇ ಎಂದು ಪರೀಕ್ಷಿಸಿಕೊಳ್ಳುತ್ತಾರೆ. ಅದು ನಮ್ಮ ಸಹ್ಯಾದ್ರಿಯ ನಡುಕ ಎಂಬುದು ಸೂಪಾ ಇರುವ ಜೊಯಿಡಾದ ಶಾಲೆಯ ಮಕ್ಕಳಿಗೂ ತಿಳಿಯಬೇಕು.

ಸೂಪಾದ ಎತ್ತರ 101 ಮೀಟರ್. ಎತ್ತರ ಹೆಚ್ಚುಕಡಿಮೆ ಒಂದೇ ಎಂಬ ಕಾರಣಕ್ಕೆ ಇದೂ ಕೊಯ್ನಾ ಆದೀತು ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ದೊಡ್ಡ ಜಲಾಶಯಗಳಲ್ಲಿ ಬಹುಪಾಲು ನೆಲವನ್ನು ನಡುಗಿಸಿಲ್ಲ. ಹಾಗೆಂದು ನಿಶ್ಚಿಂತೆಯೂ ಸಲ್ಲದು. ಕೊಯ್ನಾ ಕೂಡ ಅಂದು ಭೂಕಂಪದ ಭಯವಿಲ್ಲದ ಸೀಮೆ ಎನಿಸಿಕೊಂಡಿತ್ತು.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಜನ ಹೇಳಿದ್ದೂ ಆ ಹಿರಿಯರ ಮಾತನ್ನೇ: ಮೊದಲು ಸದ್ದು, ಆಮೇಲೆ ನಡುಕ. ಅಲ್ಲಿ ದಾಖಲಾದ ದೊಡ್ಡ ಕಂಪನ 4.1. ಆದರೂ ಮನೆಯೊಳಗೆ ಮಲಗುವ ಧೈರ್ಯ ಸಾಲದೆ ಎಷ್ಟೋ ಕುಟುಂಬಗಳು ಬಯಲಲ್ಲಿ ರಾತ್ರಿ ಕಳೆದವು, ಕೆಲವರು ಊರನ್ನೇ ಬಿಟ್ಟರು. ತೀವ್ರತೆಯ ಅಂಕಿ ಚಿಕ್ಕದೆಂದು ಅಂಥವರ ಭಯವನ್ನು ಹಗುರಾಗಿ ಕಾಣುವುದನ್ನು ನಾನು ಸಹಿಸಲಾರೆ.

ಕೊಯ್ನಾ ಇಂದಿಗೂ ಆಗಾಗ ನಡುಗುತ್ತದೆ. ಅದರ ಕಾರಣವನ್ನು ಬಗೆಯಲು ವಿಜ್ಞಾನಿಗಳು ಅಲ್ಲಿ 3 ಕಿಲೋಮೀಟರ್ ಆಳದ ಕೊಳವೆ ಕೊರೆದಿದ್ದಾರೆ; ಕರಾಡದಲ್ಲಿ ಅದಕ್ಕೆಂದೇ ಕೇಂದ್ರ ಸರ್ಕಾರದ ಪ್ರಯೋಗಾಲಯವಿದೆ. ಅಲ್ಲಿ ತಿಳಿದುಬಂದದ್ದನ್ನು ಸೂಪಾ ಇರುವ ಕಾಳಿ ಕಣಿವೆಯವರಿಗೆ ಕನ್ನಡದಲ್ಲೂ ಕೊಂಕಣಿಯಲ್ಲೂ ಯಾರಾದರೂ ಕೂತು ಹೇಳಬೇಕು.